ಸೋಮವಾರ ಹೂಡದ ಕಂಪ್ಯೂಟರ್

ಮೂವತ್ತಮೂರು ಹಸಿರು ಚುಕ್ಕೆ, ಒಂದು ಕೆಂಪು. ಸೋಲಾಪುರದ ಹೋಟಗಿ ರಸ್ತೆಯಲ್ಲಿರುವ ಬೋರಿಕಾಠ ಹಾಲು ಸಂಘದ ಮುಖ್ಯ ಕಚೇರಿಯಲ್ಲಿ, ಮೂಲೆಯ ಕೋಣೆಯಲ್ಲಿ ಕೂತು ಪ್ರಣಿತಾ ಕಂಪ್ಯೂಟರ್ ಪರದೆಯ ಮೇಲಿನ ಆ ಒಂದು ಕೆಂಪು ಚುಕ್ಕೆಯನ್ನೇ ದಿಟ್ಟಿಸುತ್ತಿದ್ದಳು. ಮಧ್ಯಾಹ್ನ ಎರಡೂಕಾಲು ಗಂಟೆ. ಚುಕ್ಕೆಯ ಎದುರಿಗಿದ್ದ ಹೆಸರು ಕರಜಗಿ.

ಬೇರೆ ಯಾವ ಊರಾಗಿದ್ದರೂ ಅವಳಿಗೆ ಇಷ್ಟು ಸೋಜಿಗ ಆಗುತ್ತಿರಲಿಲ್ಲ. ಹನ್ನೂರಿನ ಕಂಪ್ಯೂಟರಿಗೆ ವಾರಕ್ಕೊಂದು ಬೇನೆ. ತಡವಳ ಅವಳ ತವರೂರೇ ಆದರೂ ಅಲ್ಲಿಯ ಯಂತ್ರದ ಮೇಲೆ ಅವಳಿಗೆ ಕಿಂಚಿತ್ತೂ ಭರವಸೆ ಇರಲಿಲ್ಲ. ಕರಜಗಿಯದು ಮಾತ್ರ ಬಂಗಾರದಂಥ ಕೇಂದ್ರ. ನಾಲ್ಕು ವರ್ಷದಲ್ಲಿ ಅಲ್ಲಿಂದ ಒಂದೇ ಒಂದು ದೂರು ಬಂದಿರಲಿಲ್ಲ. ಹೊಸ ಕಾರ್ಯದರ್ಶಿಗಳಿಗೆ ತರಬೇತಿ ಕೊಡುವಾಗಲೆಲ್ಲ ಅವಳು "ಕರಜಗಿ ಕಲ್ಲಣ್ಣ ಕಾಕಾನ್ನ ನೋಡಿ ಕಲೀರಿ" ಎಂದು ಹೇಳುತ್ತ ಬಂದಿದ್ದಳು. ಅಂಥ ಕರಜಗಿ ಇವತ್ತೇ ಕೈ ಕೊಟ್ಟಿತ್ತು.

ಇವತ್ತೇ ಯಾಕೆ ಎಂಬುದರಲ್ಲಿ ಅವಳ ಬದುಕಿತ್ತು. ಅಕ್ಕಲಕೋಟ ತಾಲೂಕಿನ ಮೂವತ್ನಾಲ್ಕು ಊರುಗಳಲ್ಲಿ ಸಂಘದ ಹಾಲು ಕೇಂದ್ರಗಳಿವೆ. ಹಾಲಿನ ತೂಕ, ಕೊಬ್ಬು ಬರೆದುಕೊಂಡು ಚೀಟಿ ಕೊಡುವ ಪ್ರೋಗ್ರಾಮು ಎಲ್ಲ ಕಡೆಯೂ ಒಂದೇ. ಅದು ಬದಲಾದಾಗಲೆಲ್ಲ ಪ್ರಣಿತಾ ಪೆನ್‌ಡ್ರೈವ್ ಪರ್ಸಿಗೆ ಹಾಕಿಕೊಂಡು ಎಸ್‌ಟಿ ಬಸ್ಸು ಹತ್ತುತ್ತಿದ್ದಳು. ಆರು ವರ್ಷ ಹೀಗೆ ಅಲೆದಿದ್ದಳು. ಒಂದೂರಿಗೆ ಹೋದರೆ ಕರೆಂಟಿಲ್ಲ, ಇನ್ನೊಂದೂರಿಗೆ ಹೋದರೆ ಬೀಗದ ಕೈ ಇದ್ದವನು ಮದುವೆಗೆ ಹೋಗಿದ್ದಾನೆ. ಮೂವತ್ನಾಲ್ಕನೇ ಊರು ಮುಟ್ಟುವ ಹೊತ್ತಿಗೆ ಮೊದಲನೇ ಊರಿನ ಪ್ರೋಗ್ರಾಮು ಹಳೆಯದಾಗಿರುತ್ತಿತ್ತು. ಅಷ್ಟಾಗಿಯೂ ಅವಳ ನೌಕರಿ ಕಾಯಂ ಆಗಿರಲಿಲ್ಲ. ಈಗ ಪುಣೆಯ ಕಂಪನಿಯೊಂದು ಈ ಕೆಲಸವನ್ನೆಲ್ಲ ತಾನೇ ವಹಿಸಿಕೊಳ್ಳುತ್ತೇನೆಂದು ಸಂಘಕ್ಕೆ ಕಾಗದ ಹಾಕಿತ್ತು.

ಹೋದ ತಿಂಗಳ ಸಭೆಯಲ್ಲಿ ಪ್ರಣಿತಾ ಎದ್ದು ನಿಂತು ಹೇಳಿದ್ದಳು. ಪುಣೆಯವರು ಬೇಡ, ಪೆನ್‌ಡ್ರೈವೂ ಬೇಡ, ಹೊಸ ಪ್ರೋಗ್ರಾಮನ್ನು ಒಂದು ಪ್ಯಾಕೇಜ್ ಮಾಡಿ ನೆಟ್‌ವರ್ಕಿನ ಮೇಲೆ ಕೂತಲ್ಲಿಂದಲೇ ಕಳಿಸುತ್ತೇನೆ. ಪ್ಯಾಕೇಜ್ ಅಂದರೆ ಏನೆಂದು ಸಭೆಗೆ ತಿಳಿಯಲಿಲ್ಲ. ಹಾಲಿನ ಜನಕ್ಕೆ ಹೇಗೆ ಹೇಳಬೇಕೆಂದು ಅವಳು ಒಂದು ಗಳಿಗೆ ಯೋಚಿಸಿದಳು.

"ನಮ್ಮ ಹಳ್ಳಿ ಹುಡುಗೋರು ಸೋಲಾಪುರದಾಗ ಸಾಲಿ ಕಲಿತಾರಲ್ರಿ, ಅವರಿಗಿ ಮನಿಯಿಂದ ಎಸ್‌ಟಿ ಬಸ್ಸಿನ್ಯಾಗ ಡಬ್ಬಿ ಬರ್ತದ. ಇದೂ ಹಂಗೇ ರಿ. ಪ್ರೋಗ್ರಾಮು, ಪ್ರಿಂಟರಿಂದು, ಫ್ಯಾಟ್ ಮಷೀನಿಂದು, ಮರಾಠಿ ಅಕ್ಷರ, ಕನ್ನಡ ಅಕ್ಷರ, ಎಲ್ಲಾ ಒಂದೇ ಡಬ್ಬ್ಯಾಗ ಕಟ್ಟಿ ಇಲ್ಲಿಂದ ಕಳಸ್ತೀನಿ. ಅಲ್ಲಿ ಯಾರೂ ಬಡಸೂದು ಬ್ಯಾಡ. ಡಬ್ಬಿ ತಾನೇ ಬಿಚ್ಚಿಕೊಂಡು ತಾನೇ ಬಡಸ್ತದ."

"ಡಬ್ಬಿ ತೊಳಿಯೋರು ಯಾರು?" ಎಂದು ಹಿಂದಿನಿಂದ ಒಬ್ಬರು ಕೇಳಿದ್ದರು.

"ಅದನ್ನೂ ಅದೇ ತೊಳಕೋತದ್ರಿ."

ಅಧ್ಯಕ್ಷ ಶಾಂತಲಿಂಗಪ್ಪನವರು ಹನ್ನೂರಿನ ದೊಡ್ಡ ಒಕ್ಕಲುತನದವರು. ಅರವತ್ತೈದು ವರ್ಷ, ಬಿಳಿ ಟೊಪ್ಪಿಗೆ, ಮಾತು ಕಡಿಮೆ. "ಯಾವ ದಿವಸ ಕಳಸ್ತಿ, ನೀನೇ ಹೇಳು" ಎಂದಿದ್ದರು. ಗುರುವಾರ ಅಕ್ಕಲಕೋಟದ ತುಂಬ ಭಕ್ತರು, ಭಕ್ತರ ಕೈತುಂಬ ಮೊಬೈಲು, ಆ ದಿನ ನೆಟ್‌ವರ್ಕ್ ಕೇಳುವುದೇ ಬೇಡ. ಶುಕ್ರವಾರ ಲೈನ್ ದುರಸ್ತಿಯ ನೆಪದಲ್ಲಿ ಕರೆಂಟು ಹೋಗುತ್ತದೆ. ಭಾನುವಾರ ಕಚೇರಿಗೆ ಬೀಗ. ಪ್ರಣಿತಾ ಸೋಮವಾರ ಎಂದಳು. "ಆತು. ಸೋಮಾರ ಸಂಜಿ ಹಾಲು ಬರೂದ್ರಾಗ ಮೂವತ್ನಾಲ್ಕೂ ಕಡೆ ಮುಟ್ಟಿರಬೇಕು. ನೀ ಖುರ್ಚಿ ಬಿಟ್ಟು ಹೋಗಬಾರದು, ಯಾರನ್ನೂ ಕಳಸಬಾರದು. ಮುಟ್ತು, ಕೆಲಸ ಕಾಯಂ ನಿಂದು. ಒಂದು ಉಳೀತು, ಪುಣೆಯವರ ಕಾಗದಕ್ಕ ಸಹಿ ಮಾಡ್ತೀನಿ" ಎಂದು ಅಧ್ಯಕ್ಷರು ಎದ್ದುಹೋಗಿದ್ದರು.

ಶುಕ್ರವಾರ ಪ್ರಣಿತಾ ಎಲ್ಲ ಕಾರ್ಯದರ್ಶಿಗಳಿಗೂ ವಾಟ್ಸಾಪ್ ಹಾಕಿದಳು. ಸೋಮವಾರ ಹನ್ನೊಂದರಿಂದ ನಾಲ್ಕರವರೆಗೆ ಕಂಪ್ಯೂಟರ್ ಚಾಲೂ ಇರಲಿ ಎಂದು ಕೇಳಿಕೊಂಡಳು. ಕಲ್ಲಣ್ಣ ಎರಡು ಕೈ ಮುಗಿದ ಚಿತ್ರ ಕಳಿಸಿದ್ದ. ಅದನ್ನು ಒಪ್ಪಿಗೆ ಎಂದುಕೊಂಡದ್ದು ಅವಳದೇ ತಪ್ಪು.

ಮೂವತ್ತಮೂರು ಕಡೆ ಪ್ರೋಗ್ರಾಮು ಮುಟ್ಟಿ ಚುಕ್ಕೆ ಹಸಿರಾಗಿತ್ತು, ಕಂಪ್ಯೂಟರ್ ಚಾಲೂ ಕಾಣದ ಕರಜಗಿಯದು ಮಾತ್ರ ಕೆಂಪು. ಈಗ ಅವಳು ಫೋನೆತ್ತಿದಳು. ಆ ಕಡೆ ನೀರು ಸುರಿಯುವ ಸಪ್ಪಳ.

"ಕಾಕಾ, ನಿಮ್ಮ ಕಂಪ್ಯೂಟರ್ ಇಲ್ಲಿ ಕಾಣಸವಲ್ದು. ಲೈಟ್ ಹೋಗ್ಯಾವೇನ್ರಿ?"

"ಲೈಟ್ ಅದಾವಲ್ಲ ತಂಗಿ" ಎಂದ ಕಲ್ಲಣ್ಣ.

"ನೆಟ್?"

"ಅದೂ ಛಲೋ ಅದ."

"ಮತ್ತ ಕಂಪ್ಯೂಟರ್ ಕೆಟ್ಟದೇನ್ರಿ?"

"ಅದ್ಯಾಕ ಕೆಡ್ತದ? ಆರಾಮ ಮಾಡಾಕತ್ತದ. ಇವತ್ತ ಸೋಮಾರ ಅಲ್ಲೇನು?"

"ಸೋಮಾರ ಇದ್ರೇನಾತ್ರಿ ಕಾಕಾ?"

"ಸೋಮಾರ ಹೂಡಂಗಿಲ್ಲವ್ವಾ."

ಆ ಸೀಮೆಯಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ, ಅದು ಬಸವಣ್ಣನ ದಿನ. ಬಿತ್ತುವ ಹದ ಜಾರಿಹೋಗುತ್ತಿದ್ದರೂ, ಆಳುಗಳು ಬಂದು ಅಂಗಳದಲ್ಲಿ ಕೂತಿದ್ದರೂ ಹೂಡುವುದಿಲ್ಲ. ತಡವಳದಲ್ಲಿ ಅವಳ ಅಪ್ಪನೂ ಹೂಡುತ್ತಿರಲಿಲ್ಲ. ಹತ್ತು ವರ್ಷ ಸೋಲಾಪುರದ ನೀರು ಕುಡಿದು ಅವಳಿಗೆ ಸೋಮವಾರ ಬರೀ ಭಾನುವಾರದ ಮರುದಿನ ಆಗಿಬಿಟ್ಟಿತ್ತು. ಆದರೆ ಎತ್ತಿನ ಮಾತು ಎತ್ತಿಗಾಯಿತು, ಇದು ಕಂಪ್ಯೂಟರ್!

ಕಲ್ಲಣ್ಣ ನೀರಿನ ಕೊಡ ಕೆಳಗಿಟ್ಟು ಸಾವಕಾಶವಾಗಿ ತಿಳಿಸಿ ಹೇಳಿದ. ನಾಲ್ಕು ವರ್ಷದ ಹಿಂದೆ ಕಂಪ್ಯೂಟರ್ ಬಂದಾಗ ದಿನಾ ಎರಡು ಹೊತ್ತು ದುಡಿಸಿದ್ದ. ಮೂರನೇ ತಿಂಗಳಿಗೆ ಮೈ ಕಾದು ಮಲಗಿಬಿಟ್ಟಿತು. ತಾನೇ ಅಕ್ಕಲಕೋಟದಿಂದ ಕರೆಸಿದ ಮೆಕ್ಯಾನಿಕ್ ಬಿಚ್ಚಿ ನೋಡಿ, ಏನೂ ಆಗಿಲ್ಲ, ಇದಕ್ಕೆ ಸ್ವಲ್ಪ ದಣಿವಾರಿಸಿಕೊಳ್ಳಲು ಬಿಡಿ ಎಂದ. ದುಡಿಯುವುದಕ್ಕೆ ದಣಿವಾರಿಸುವ ದಿನ ಯಾವುದು ಎಂದು ಕರಜಗಿಯಲ್ಲಿ ಹುಟ್ಟಿದವನಿಗೆ ಬೇರೆಯವರು ಹೇಳಬೇಕೆ? ಅಂದಿನಿಂದ ಸೋಮವಾರದ ಹಾಲನ್ನು ವಹಿಯಲ್ಲಿ ಕೈಯಿಂದ ಬರೆದು, ಮಂಗಳವಾರ ನಸುಕಿನಲ್ಲಿ ಸೋಮವಾರದ ತಾರೀಖು ಹಾಕಿ ಕಂಪ್ಯೂಟರಿಗೆ ತುಂಬಿಸುತ್ತ ಬಂದಿದ್ದಾನೆ. ಮುಖ್ಯ ಕಚೇರಿಗೆ ತಾರೀಖು ಕಾಣುತ್ತದೆ, ಗಳಿಗೆ ಕಾಣುವುದಿಲ್ಲ. ನಾಲ್ಕು ವರ್ಷ ಇದು ಪ್ರಣಿತಾಳ ಕಣ್ಣಿಗೆ ಬಿದ್ದಿರಲಿಲ್ಲ.

"ಕಾಕಾ, ಸೋಮಾರ ಆಕಳಾ ಎಮ್ಮಿ ಹಾಲು ಕೊಡಂಗಿಲ್ಲೇನ್ರಿ?" ಪ್ರಣಿತಾ ವಾದಕ್ಕಿಳಿದಳು.

"ಆಕಳ ಕೊಡ್ತದ, ಎತ್ತು ದುಡಿತದ. ಕೊಡೂದು ಬ್ಯಾರೆ, ದುಡಿಯೂದು ಬ್ಯಾರೆ."

"ಮತ್ತ ಫ್ಯಾಟ್ ಮಷೀನು? ಅದು ಸೋಮಾರ ಚಾಲೂ ಇರ್ತದಲ್ಲ?"

"ಅದು ಬರೇ ಹಾಲು ನೋಡಿ ಹೇಳ್ತದ. ನೋಡೂದು ಏನು ದುಡಿತ ಆತೇನು?"

"ಈಗ ಕೈಯಾಗ ಮೊಬೈಲ್ ಹಿಡದೀರಲ್ಲ!"

"ಅದು ಮಾತಾಡ್ತದ. ಮಾತಾಡಾವರಿಗಿ ಸುಟ್ಟಿ ಯಾಕ ಬೇಕು?"

ಯಾವ ಕಡೆಯಿಂದ ಹೋದರೂ ಕಲ್ಲಣ್ಣ ಮೊದಲೇ ಬೇಲಿ ಹಾಕಿಟ್ಟಿದ್ದ. ಪ್ರಣಿತಾಳಿಗೆ ಸಿಟ್ಟು ನೆತ್ತಿಗೇರಿತು. "ಕಾಕಾ, ಅದು ಕಬ್ಬಿಣ ಅದರಿ!" ಎಂದು ಕೂಗಿದಳು. "ನೇಗಿಲಿನ ಕುಡಾನೂ ಕಬ್ಬಿಣೇ. ಎತ್ತಿನ ಸಂಗಟ ಅದೂ ಸೋಮಾರ ಗ್ವಾಡಿಗಿ ಒರಗಿರ್ತದ" ಎಂದು ಅವನು ಶಾಂತವಾಗಿಯೇ ಅಂದ. ಆಮೇಲೆ ದನಿ ತಗ್ಗಿಸಿ, "ನಾ ತಿಳಿಗೇಡಿ ಅನಕೋಬ್ಯಾಡ ತಂಗಿ. ನಿನ್ನ ದೂರಿನ ವಹಿ ತಗದು ನೋಡು" ಎಂದ.

ವಹಿ ಅವಳ ಮೇಜಿನ ಮೇಲೆಯೇ ಇತ್ತು. ತೆಗೆದು ನೋಡಿದಳು. ಈ ವರ್ಷ ಹನ್ನೂರು ಇಪ್ಪತ್ತೇಳು ದೂರು, ತಡವಳ ಹತ್ತೊಂಬತ್ತು, ಕರಜಗಿ ಸೊನ್ನೆ. ಹಿಂದಿನ ವರ್ಷವೂ ಸೊನ್ನೆ. ಆ ಸೊನ್ನೆಯ ಮುಂದೆ ಅವಳ ಕಂಪ್ಯೂಟರ್ ಡಿಪ್ಲೊಮಾದ ಆಟ ನಡೆಯಲಿಲ್ಲ.

"ಕಾಕಾ, ಈ ಒಂದು ಸೋಮಾರ. ಇಲ್ಲಂದ್ರ ನನ್ನ ನೌಕರಿ ಹೋಗ್ತದ್ರಿ" ಎಂದಳು.

ಕಲ್ಲಣ್ಣನಿಗೆ ಖರೆಯಾಗಿಯೂ ಕೆಡುಕೆನಿಸಿತ್ತು. "ನಾಳಿ ನಸುಕಿನ್ಯಾಗ ನಾಕಕ್ಕ ಎದ್ದು ಚಾಲೂ ಮಾಡ್ತೀನವ್ವಾ. ನಡುಮನಿಯೊಳಗ ದೇವರ ಮುಂದ ಕುಂತು ನಿನ್ನ ಹೆಸರಿಲೆ ಊದಿನಕಡ್ಡಿ ಹಚ್ಚು ಅಂದ್ರೂ ಹಚ್ಚತೀನಿ. ಹೂಡೂದೊಂದು ಮಾತ್ರ ಹೇಳಬ್ಯಾಡ" ಎಂದು ಫೋನಿಟ್ಟ.

ನಾಳೆ ನಸುಕು ಯಾರಿಗೆ ಬೇಕು? ಅಧ್ಯಕ್ಷರು ಇವತ್ತು ನಾಲ್ಕೂಕಾಲಿಗೆ ಬರುವವರಿದ್ದರು. ಪ್ರಣಿತಾ ಕಣ್ಣೊರೆಸಿಕೊಂಡು ಗಡಿಯಾರ ನೋಡಿದಳು. ಎರಡೂ ಐವತ್ತು. ಕಲ್ಲಣ್ಣನ ಮೇಲೆ ಸಿಟ್ಟು ಬಂದಿತ್ತು ನಿಜ, ಆದರೆ ಅದಕ್ಕಿಂತ ಹೆಚ್ಚು ತನ್ನ ಮೇಲೆ ಬಂದಿತ್ತು. ಒಕ್ಕಲಿಗರ ಮನೆಯಲ್ಲಿ ಹುಟ್ಟಿ, ವಾರದ ಏಳು ದಿನದಲ್ಲಿ ಹುಡುಕಿ ಹುಡುಕಿ ಸೋಮವಾರವನ್ನೇ ಆರಿಸಿದ್ದಳಲ್ಲ.

ಕಾಕಾ ಒಪ್ಪದಿದ್ದರೆ ಕಾಕೂ ಆದರೂ ಗುಂಡಿ ಒತ್ತಬಹುದು ಎಂದು ಅವಳಿಗೆ ಹೊಳೆಯಿತು. ಮನೆಯ ಇನ್ನೊಂದು ಮೊಬೈಲಿಗೆ ಹಚ್ಚಿದಳು. ಕಲ್ಲಣ್ಣನ ಹೆಂಡತಿ ಅಕ್ಕನಾಗಮ್ಮ ಎತ್ತಿಕೊಂಡಳು.

"ಅವರು ಗ್ವಾದ್ಲ್ಯಾಗ ಅದಾರವ್ವಾ. ಎತ್ತಿನ ಮೈ ತೊಳದು, ಕೋಡಿಗಿ ಎಣ್ಣಿ ಹಚ್ಚಿ, ಈಗ ಹಿಂಡಿ ಇಡಾಕತ್ತಾರ. ಸೋಮಾರ ನಮ್ಮ ಎತ್ತಿಗಿರೂ ಸುಖ ನನಗೂ ಇಲ್ಲ ನೋಡು" ಎಂದು ಆಕೆ ತನ್ನ ಸಂಕಟ ತೋಡಿಕೊಳ್ಳತೊಡಗಿದಳು.

ಪ್ರಣಿತಾ ಖುರ್ಚಿಯಲ್ಲಿ ನೆಟ್ಟಗೆ ಕೂತಳು. "ಕಾಕೂ, ಕಾಕಾನ ಕೈಯಾಗ ಫೋನ್ ಕೊಡ್ರಿ. ಲಗೂನ!"

"ಮತ್ತೇನು ತಂಗಿ?" ಎಂದ ಕಲ್ಲಣ್ಣ.

"ಕಾಕಾ, ಸೋಮಾರ ಎತ್ತು ಉಪಾಸ ಇರ್ತಾವೇನ್ರಿ?"

"ಉಪಾಸ ಯಾಕ? ಸೋಮಾರೇ ಹೊಟ್ಟಿ ತುಂಬ ತಿಂತಾವ. ಶೇಂಗಾ ಹಿಂಡಿ, ಹಸಿ ಮೇವು."

"ಹಂಗಾದ್ರ ನಿಮ್ಮ ಕಂಪ್ಯೂಟರಿಗಿ ನಾಕು ವರ್ಷದಾಗ ಒಂದು ಸೋಮಾರಾದ್ರೂ ಏನಾದ್ರೂ ತಿನಿಸೀರೇನ್ರಿ?"

ಫೋನಿನಲ್ಲಿ ಎತ್ತು ಹಿಂಡಿ ತಿನ್ನುವ ಸಪ್ಪಳವಷ್ಟೇ ಕೇಳಿಸುತ್ತಿತ್ತು. ಪ್ರಣಿತಾ ಬಿಡಲಿಲ್ಲ.

"ಆರು ದಿನ ದುಡಸ್ತೀರಿ. ಏಳನೇ ದಿನ ಹಸದ ಹೊಟ್ಟೀಲೆ ಅರಿವಿ ಮುಚ್ಚಿ ಮಲಗಸ್ತೀರಿ. ಇದು ಯಾವ ಊರ ಧರ್ಮರಿ ಕಾಕಾ? ನಾ ಕೆಲಸ ಕಳಸಿಲ್ಲ, ಹಿಂಡಿ ಕಳಸೀನಿ. ಮೂವತ್ತಮೂರು ಊರಾಗ ತಿಂದು ಕುಂತಾವ. ನಿಮ್ಮದು ಒಂದೇ ಬಾಯಿ ಬಿಟ್ಟು ನೋಡಾಕತ್ತದ."

ಇದು ಪೂರಾ ಸುಳ್ಳಲ್ಲ ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

"ತಿನ್ನಬೇಕಂದ್ರ ಎಬ್ಬಸಬೇಕಲ್ಲವ್ವಾ?" ಕಲ್ಲಣ್ಣನ ದನಿಯಲ್ಲಿ ಅಳುಕು ಹೊಕ್ಕಿತ್ತು.

"ತಿನ್ನೂವಾಗ ಎತ್ತು ಕಣ್ಣು ಮುಚ್ಚಿರ್ತದೇನ್ರಿ? ಒಂದು ಹನಿ ಹಾಲು ಬರೀಬ್ಯಾಡ್ರಿ. ಒಂದು ಅಕ್ಷರ ಒತ್ತಬ್ಯಾಡ್ರಿ. ಗುಂಡಿ ಒತ್ತಿ ದೂರ ಸರದು ನಿಲ್ರಿ. ಅದೇ ತಿಂತದ."

ಕಲ್ಲಣ್ಣ ಹ್ಞೂಂ ಅನ್ನಲಿಲ್ಲ, ಊಹ್ಞೂಂ ಅನ್ನಲೂ ಇಲ್ಲ. "ಕೈ ಕಾಲು ತೊಳಕೊಂಡು ಹೋಗ್ತೀನಿ ತಡಿ" ಎಂದ.

ಮೂರೂ ಇಪ್ಪತ್ತಕ್ಕೆ ಕರಜಗಿಯ ಕೆಂಪು ಚುಕ್ಕೆ ಹಳದಿಯಾಯಿತು. ಕಂಪ್ಯೂಟರ್ ಎಚ್ಚರಾಗಿತ್ತು. ಹತ್ತು ಪರ್ಸೆಂಟು, ಇಪ್ಪತ್ತು, ಪ್ಯಾಕೇಜ್ ಇಳಿಯತೊಡಗಿತು. ಕಲ್ಲಣ್ಣ ಫೋನ್ ಇಟ್ಟಿರಲಿಲ್ಲ, ನಡುನಡುವೆ "ತಿನ್ನಾಕತ್ತದ, ಸಪ್ಪಳ ಬರಾಕತ್ತದ" ಎಂದು ಪಿಸುಗುಡುತ್ತಿದ್ದ. ಅದು ಒಳಗಿನ ಫ್ಯಾನಿನ ಸಪ್ಪಳ ಎಂದು ಅವಳು ತಿದ್ದಲು ಹೋಗಲಿಲ್ಲ. ಎಂಬತ್ತು. ತೊಂಬತ್ತು. ನೂರು.

ನೂರಾದ ಮೇಲೆ ಕಂಪ್ಯೂಟರ್ ಒಮ್ಮೆ ಆರಿ ಮತ್ತೆ ಹತ್ತಬೇಕು. ಅದನ್ನು ಹೇಳಲು ಅವಳು ಮರೆತಿದ್ದಳು. ಚುಕ್ಕೆ ಮತ್ತೆ ಕೆಂಪಾಯಿತು, ಫೋನಿನಲ್ಲಿ ಕಲ್ಲಣ್ಣ ಚೀರಿದ.

"ತಂಗೀ! ಕಪ್ಪಾತು! ಈಗ ತಾನೇ ಏಳಾಕತ್ತದ! ಯಾರೂ ಮುಟ್ಟಿಲ್ಲ, ಯಾವನೋ ಹೂಡಾಕತ್ತಾನ! ವಾಯರ್ ಕೀಳ್ಲೇನು?"

"ಕೀಳಬ್ಯಾಡ್ರಿ ಕಾಕಾ!" ಪ್ರಣಿತಾ ಖುರ್ಚಿಯಿಂದ ಅರ್ಧ ಎದ್ದು, ಷರತ್ತು ನೆನಪಾಗಿ ಮತ್ತೆ ಕೂತಳು. "ಹಿಂಡಿ ತಿಂದ ಎತ್ತು ಎದ್ದು ಮೈ ಝಾಡಿಸಂಗಿಲ್ಲೇನ್ರಿ?"

ಕಲ್ಲಣ್ಣ ಒಂದು ಗಳಿಗೆ ತೂಗಿ ನೋಡಿದ. "ಹೌದು, ಝಾಡಿಸ್ತದ" ಎಂದ. ವಾಯರ್ ಉಳಿಯಿತು. ನಾಲ್ಕಕ್ಕೆ ಐದು ನಿಮಿಷ ಇರುವಾಗ ಕರಜಗಿ ಹಸಿರಾಯಿತು. ಪ್ರಣಿತಾ ಮೇಜಿನ ಮೇಲೆ ತಲೆಯಿಟ್ಟು ನಕ್ಕಳು, ನಗುತ್ತ ನಗುತ್ತ ಸ್ವಲ್ಪ ಅತ್ತಳು.

ಶಾಂತಲಿಂಗಪ್ಪನವರು ಹೇಳಿದ ಹೊತ್ತಿಗೆ ಬಂದರು, ಬಗಲಲ್ಲಿ ಪುಣೆಯವರ ಫೈಲು. ಚಾಳೀಸು ಕಣ್ಣಿಗೇರಿಸಿ, ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ಊರನ್ನು ಎಣಿಸಿದರು. ಮೂವತ್ನಾಲ್ಕು ಬಂತು. ನಂಬಿಕೆ ಸಾಲದೆ ಕೆಳಗಿನಿಂದ ಮೇಲಕ್ಕೆ ಇನ್ನೊಮ್ಮೆ ಎಣಿಸಿದರು. ಆಗಲೂ ಮೂವತ್ನಾಲ್ಕು.

"ಡಬ್ಬಿ ಮುಟ್ಯಾವ. ಶಾಬ್ಬಾಸ್" ಎಂದು ಖುರ್ಚಿ ಎಳೆದುಕೊಂಡು ಕೂತರು. "ಈಗ ಊಟ ಹ್ಯಾಂಗಾಗ್ಯದ ಅಂತ ನೋಡೂನು. ಕರಜಗ್ಯಾಗ ಸಂಜಿ ಹಾಲು ಎಲ್ಲಾರಕಿಂತ ಮೊದಲ ಬರ್ತದ. ಅಲ್ಲಿದು ಮೊದಲ್ನೇ ಚೀಟಿ ಬಂದ ಕೂಡಲೆ ತೋರಸು. ಅದು ನೋಡೇ ಸಹಿ ಹಾಕೂದೋ ಬಿಡೂದೋ ನಿಕ್ಕಿ ಮಾಡ್ತೀನಿ."

ಮೂವತ್ನಾಲ್ಕು ಊರಿದ್ದವು, ಅವರ ಬಾಯಿಗೆ ಬಂದದ್ದು ಕರಜಗಿಯೇ. ನೆಟ್ ಸಾವಕಾಶ ಅದರಿ ಎಂಬ ಸುಳ್ಳು ಪ್ರಣಿತಾಳ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅದನ್ನು ಹೇಳಿದರೆ ಇವತ್ತಿಗೆ ತಾನು ಉಳಿಯುತ್ತಾಳೆ. ನಾಳೆ ಯಾರೋ ಕರಜಗಿಗೆ ಹೋಗಿ ನೋಡುತ್ತಾರೆ, ಕಲ್ಲಣ್ಣನ ವಹಿ ಸಿಗುತ್ತದೆ, ಕಳ್ಳನೆಂಬ ಹೆಸರು ಅವನಿಗೆ ಬರುತ್ತದೆ. ಅವಳನ್ನು ನಂಬಿ ಗುಂಡಿ ಒತ್ತಿದ ಮುದುಕನವನು. ಅವಳಿಗೆ ಮನಸ್ಸಾಗಲಿಲ್ಲ.

"ಸಾಹೇಬ್ರ, ಕರಜಗಿದು ಇವತ್ತ ಚೀಟಿ ಬರಂಗಿಲ್ರಿ. ಅಲ್ಲಿ ಕಂಪ್ಯೂಟರ್ ಸೋಮಾರ ಹೂಡಂಗಿಲ್ಲ" ಎಂದಳು. ಒಮ್ಮೆ ಬಾಯಿ ಬಿಟ್ಟ ಮೇಲೆ ಮೆಕ್ಯಾನಿಕ್, ವಹಿ, ತಾರೀಖು, ಹಿಂಡಿ, ಮೈ ಝಾಡಿಸಿದ್ದು, ಒಂದನ್ನೂ ಬಿಡದೆ ಹೇಳಿ, ದೂರಿನ ವಹಿಯನ್ನು ಅವರ ಮುಂದೆ ತೆರೆದಿಟ್ಟಳು.

ಅಧ್ಯಕ್ಷರು ವಹಿಯ ಹಾಳೆ ಮಗುಚಿ ನೋಡಿದರು. ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟರು. ಅವರು ಸಿಟ್ಟಿಗೆದ್ದಾಗ ಟೊಪ್ಪಿಗೆ ತೆಗೆಯುತ್ತಾರೆಂದು ಸಂಘದಲ್ಲಿ ಎಲ್ಲರಿಗೂ ಗೊತ್ತಿತ್ತು.

"ನಾಕು ವರ್ಷದಾಗ ಒಂದೂ ದೂರಿಲ್ಲ?"

"ಒಂದೂ ಇಲ್ರಿ."

"ನಮ್ಮ ಹನ್ನೂರಿಂದು?"

"ಈ ವರ್ಷ ಇಪ್ಪತ್ತೇಳು ರಿ."

"ಹನ್ನೂರಿಂದು ಈಗ ಏನು ಮಾಡಾಕತ್ತದ?"

"ಚಾಲೂ ಅದರಿ ಸಾಹೇಬ್ರ. ಛಲೋ ನಡದದ."

"ಸೋಮಾರ!" ಅಧ್ಯಕ್ಷರು ಮೇಜು ಗುದ್ದಿದರು. "ನನ್ನ ಊರಾಗ, ನಾ ಇನ್ನೂ ಜೀವಂತ ಇರೂವಾಗ, ಸೋಮಾರ ದುಡಸಾಕತ್ತೀಯಲ್ಲ! ಕರಜಗಿಯವ ಮರ್ಯಾದಿಲೆ ಆರಾಮ ಕೊಡ್ತಾನ, ಹನ್ನೂರಾವರು ಬಡದು ದುಡಸ್ತೇವಿ ಅಂತ ನಾಳಿ ತಾಲೂಕಿನ ಮಂದಿ ಅಂದ್ರ ನಾ ಎಲ್ಲಿ ಮಾರಿ ಇಟಗೊಳ್ಲಿ?"

"ಸಾಹೇಬ್ರ, ಸೋಮಾರ ಅಂತ ನಾ ಸಭಾದಾಗೇ ಹೇಳಿದ್ದೆನಲ್ರಿ..."

"ಡಬ್ಬಿ ಅಂದಿ ನೀ! ಡಬ್ಬಿ ಯಾವ ವಾರಾದ್ರೂ ಬರಬಹುದು. ಎತ್ತು ಅಂತ ಹೇಳಿದಿಯೇನು?"

ಅಧ್ಯಕ್ಷರು ಪುಣೆಯವರ ಫೈಲು ತೆರೆದು, ಹಾಳೆ ಮಗುಚಿ, ಒಂದು ಕಡೆ ಬೆರಳಿಟ್ಟರು. "ವಾರದ ಏಳೂ ದಿವಸ, ದಿವಸಕ್ಕ ಇಪ್ಪತ್ನಾಕು ತಾಸು, ಒಂದು ನಿಮಿಷ ಸೈತ ಬಿಡದೆ ಚಾಲೂ ಇಡ್ತೀವಿ ಅಂತ ಬರದಾರ. ಹೆಮ್ಮಿಲೆ ಬರದಾರ ನೋಡು, ದಪ್ಪ ಅಕ್ಷರದಾಗ" ಎಂದು ಅಸಹ್ಯದಿಂದ ಫೈಲು ಮುಚ್ಚಿ ಆಚೆ ತಳ್ಳಿದರು. "ಇವರ ಕೈಯಾಗ ಕೊಟ್ರ ವರ್ಷದೊಳಗ ಮೂವತ್ನಾಕೂ ಮಣ್ಣಾಗ ಹೋಗ್ತಾವ. ಕೆಲಸ ನಿಂದು. ಇವತ್ತಿನಿಂದ ಕಾಯಂ."

ಆರು ವರ್ಷದ ಎಸ್‌ಟಿ ಧೂಳೆಲ್ಲ ಒಂದೇ ಸಲ ಪ್ರಣಿತಾಳ ಮೈಯಿಂದ ಉದುರಿದ ಹಾಗಾಯಿತು. ಕಾಲು ಮುಟ್ಟಿ ನಮಸ್ಕಾರ ಮಾಡಲು ಬಾಗಿದಳು.

"ಅದು ಆಮ್ಯಾಲ" ಎಂದರು ಅಧ್ಯಕ್ಷರು. "ಮೊದಲ ಸಂಜಿ ಹಾಲು ಬರೂದ್ರಾಗ ಎಲ್ಲಾವೂ ಕೊಳ್ಳ ಹರಿ."

"ಎಲ್ಲಾವೂ ರಿ?"

"ಎಲ್ಲಾವೂ."

ಒಂದು ತಿಂಗಳು ಕಷ್ಟಪಟ್ಟು ಕಟ್ಟಿ, ಬೆಳಗಿನಿಂದ ಹೆದರಿ ಹೆದರಿ ಕಳಿಸಿ, ಒಂದೊಂದಾಗಿ ಹಸಿರು ಮಾಡಿದ ಮೂವತ್ನಾಲ್ಕು ಚುಕ್ಕೆಗಳನ್ನು, ನೊಗದಿಂದ ಎತ್ತು ಬಿಚ್ಚಿದ ಹಾಗೆ, ತಾನೇ ಆರಿಸಬೇಕಾಗಿ ಬಂತು. ಅರ್ಧ ಊರುಗಳಿಗೆ ಅವಳು ಫೋನ್ ಮಾಡಿದಳು, ಅರ್ಧಕ್ಕೆ ಅಧ್ಯಕ್ಷರೇ ತಮ್ಮ ಮೊಬೈಲಿನಿಂದ ಮಾಡಿದರು. ಹನ್ನೂರಿನ ಕಾರ್ಯದರ್ಶಿ, ಇವತ್ತೇ ಮೊದಲ ಸಲ ನೆಟ್ಟಗೆ ನಡೆದಿತ್ತು, ಇದನ್ನೇ ಬಂದ್ ಮಾಡು ಅಂತೀರಲ್ಲ ಎಂದು ಹಲುಬಿದ, ಅಧ್ಯಕ್ಷರಿಂದ ಬೈಸಿಕೊಂಡ. ತಡವಳದವನು ಮಾತ್ರ ಕಾರಣ ಕೂಡ ಕೇಳದೆ, ಭಾಳ ಉಪಕಾರ ಆತ್ರಿ ಎಂದು ತಟ್ಟನೆ ಆರಿಸಿದ. ಪರದೆಯ ಮೇಲೆ ಹಸಿರು ಒಂದೊಂದಾಗಿ ಕೆಂಪಾಗುತ್ತ ಬಂತು. ಅಧ್ಯಕ್ಷರು ಅದನ್ನು ನೋಡುತ್ತ ಟೊಪ್ಪಿಗೆ ಮತ್ತೆ ತಲೆಗೇರಿಸಿ, "ಈಗ ಕಣ್ಣಿಗಿ ತಂಪು" ಎಂದರು.

ಐದೂಕಾಲಿಗೆ ಮೂವತ್ತಮೂರು ಕೆಂಪು ಚುಕ್ಕೆ, ಒಂದು ಹಸಿರು.

"ಯಾವುದದು ಇನ್ನೂ ದುಡಿಯಾಕತ್ತದ್ದು?" ಅಧ್ಯಕ್ಷರು ಗುಡುಗಿದರು.

ಪ್ರಣಿತಾ ಹೆಸರು ಓದಿ, ಅವರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿ ಫೋನ್ ಹಚ್ಚಿದಳು. "ಕಾಕಾ, ಕಂಪ್ಯೂಟರ್ ಯಾಕ ಇನ್ನೂ ಬಂದ್ ಮಾಡಿಲ್ರಿ?"

ಕರಜಗಿಯಿಂದ ಕಲ್ಲಣ್ಣ ಪಿಸುದನಿಯಲ್ಲಿ ಗದರಿಸಿದ. "ಏ ತಂಗಿ, ಸಾವಕಾಶ ಮಾತಾಡು. ಹೊಟ್ಟಿ ತುಂಬ ತಿಂದದ, ಮೆಲಕ ಹಾಕಾಕತ್ತದ. ಅದಕ್ಯಾಕ ಅವಸರ ಮಾಡ್ತಿ?"

ಪ್ರಣಿತಾ ಅಧ್ಯಕ್ಷರ ಮುಖ ನೋಡಿದಳು. ಶಾಂತಲಿಂಗಪ್ಪನವರು ಕೈ ಎತ್ತಿ, ಇರಲಿ ಬಿಡು ಎಂದು ಸನ್ನೆ ಮಾಡಿದರು. ಮೆಲುಕು ಮುಗಿಯುವವರೆಗೂ ಇಬ್ಬರೂ ಸದ್ದಿಲ್ಲದೆ ಕಾಯುತ್ತ ಕೂತರು.